ಹುಬ್ಬಳ್ಳಿಯೋ ಧಾರವಾಡವೋ: ವ್ಯಾಪಾರಿಯ ವಾಸಸ್ಥಳದ ಲೆಕ್ಕಾಚಾರ

ಅವಳಿ ನಗರದ ವ್ಯಾಪಾರಿ ಕುಟುಂಬಗಳಲ್ಲಿ ಒಂದಲ್ಲ ಒಂದು ದಿನ ಚರ್ಚೆಗೆ ಬರುವ ವಿಷಯವೊಂದಿದೆ. ಅಂಗಡಿ ಹುಬ್ಬಳ್ಳಿಯಲ್ಲಿದೆ, ಮನೆಯೂ ಅಲ್ಲಿಯೇ ಇರಬೇಕೇ ಅಥವಾ ಧಾರವಾಡದಲ್ಲಿ ಮಾಡಬೇಕೇ? ಮಕ್ಕಳು ಹೈಸ್ಕೂಲು ಮೆಟ್ಟಿಲು ಹತ್ತಿದಾಗ, ಅಣ್ಣತಮ್ಮಂದಿರ ಪಾಲು ವಿಂಗಡಣೆಯಾದಾಗ ಅಥವಾ ಎರಡು ವರ್ಷ ವ್ಯಾಪಾರ ಚೆನ್ನಾಗಿ ನಡೆದು ಕೈಯಲ್ಲಿ ನಾಲ್ಕು ಕಾಸು ನಿಂತಾಗ ಈ ಪ್ರಶ್ನೆ ಏಳುತ್ತದೆ. ಧಾರವಾಡದಾಚೆಯ ಬೇಲೂರು ಕೈಗಾರಿಕಾ ಪ್ರದೇಶದಲ್ಲಿ ಘಟಕ ನಡೆಸುತ್ತ ಹುಬ್ಬಳ್ಳಿಯಲ್ಲಿ ವಾಸವಾಗಿರುವ ಸಣ್ಣ ಕೈಗಾರಿಕೋದ್ಯಮಿಗಳ ಮನೆಗಳಲ್ಲಿ ಇದೇ ಪ್ರಶ್ನೆ ತಿರುಗುಮುರುಗಾಗಿ ಏಳುತ್ತದೆ.

ಹುಬ್ಬಳ್ಳಿ ದುಡಿಯುವ ಊರು, ಧಾರವಾಡ ಬಾಳುವ ಊರು ಎಂಬ ಮಾತು ಈ ಭಾಗದಲ್ಲಿ ರೂಢಿಯಾಗಿಬಿಟ್ಟಿದೆ. ಸಂಬಳದಾರರಿಗೆ ಈ ಮಾತು ಸಾಕಾದೀತು. ಅವರ ಕಚೇರಿಯು ಅವರು ಇದ್ದರೂ ಇಲ್ಲದಿದ್ದರೂ ತೆರೆಯುತ್ತದೆ; ಮನೆಗಾಗಿ ಮಾಡಿದ ಖರ್ಚು ಅವರ ಸಂಬಳವನ್ನು ಕಡಿಮೆ ಮಾಡುವುದಿಲ್ಲ. ವ್ಯಾಪಾರಿಯ ಸ್ಥಿತಿ ಹಾಗಲ್ಲ. ಆತನ ಮನೆಗೂ ಅಂಗಡಿಗೂ ನಡುವೆ ಕಾಲ, ಬಂಡವಾಳ ಮತ್ತು ಮುಂದಿನ ತಲೆಮಾರು ಎಂಬ ಮೂರು ಬಗೆಯ ಕೊಂಡಿಗಳಿವೆ. ಆದ್ದರಿಂದ ವಾಸದ ಊರನ್ನು ಆರಿಸಿಕೊಳ್ಳುವುದು ಆತನ ಪಾಲಿಗೆ ಮನೆವಾರ್ತೆಯ ವಿಷಯ ಮಾತ್ರವಲ್ಲ. ಅದೊಂದು ವ್ಯಾವಹಾರಿಕ ನಿರ್ಣಯವೂ ಆಗಿರುತ್ತದೆ. ಆದರೆ ಈ ನಿರ್ಣಯವು ಕೀರ್ದಿಯಲ್ಲಾಗಲಿ ಖತಾವಣಿಯಲ್ಲಾಗಲಿ ಎಲ್ಲಿಯೂ ದಾಖಲಾಗುವುದಿಲ್ಲವಾದ್ದರಿಂದ, ಅದರ ಲಾಭ-ನಷ್ಟವನ್ನು ಯಾರೂ ತಾಳೆ ನೋಡುವುದಿಲ್ಲ.

ಎರಡು ಊರುಗಳ ಸ್ವರೂಪ

ಸುಮಾರು 20 ಕಿಲೋಮೀಟರ್ ಅಂತರದ ಈ ಎರಡು ಊರುಗಳನ್ನು 1962ರಲ್ಲಿ ಒಂದೇ ಪಾಲಿಕೆಯ ಅಡಿ ತರಲಾಯಿತು. ಆಡಳಿತ ಒಂದಾದರೂ ಸ್ವಭಾವ ಒಂದಾಗಲಿಲ್ಲ. ರೈಲ್ವೆ ವರ್ಕ್‌ಶಾಪ್, ಹತ್ತಿ, ಮೆಣಸಿನಕಾಯಿ ಹಾಗೂ ಉಳ್ಳಾಗಡ್ಡಿಯ ವ್ಯಾಪಾರ, ಜವಳಿ ಸಾಲಿನ ಸಗಟು ವಹಿವಾಟು, ದುರ್ಗದ ಬೈಲಿನ ಚಿಲ್ಲರೆ ಪೇಟೆ ಇವುಗಳಿಂದ ಹುಬ್ಬಳ್ಳಿ ಬೆಳೆಯಿತು. ವಾಯವ್ಯ ಕರ್ನಾಟಕ ರಸ್ತೆ ಸಾರಿಗೆ ಸಂಸ್ಥೆ ಮತ್ತು ಹೆಸ್ಕಾಂನ ಕೇಂದ್ರ ಕಚೇರಿಗಳು ಇಲ್ಲಿವೆ. 2003ರಲ್ಲಿ ನೈಋತ್ಯ ರೈಲ್ವೆ ವಲಯದ ಕೇಂದ್ರಸ್ಥಾನವೂ ಇಲ್ಲಿಯೇ ಕಾರ್ಯಾರಂಭ ಮಾಡಿತು. ವಿಮಾನ ನಿಲ್ದಾಣವಿರುವುದೂ ಹುಬ್ಬಳ್ಳಿಯಲ್ಲಿಯೇ.

ಧಾರವಾಡವು ಜಿಲ್ಲಾ ಕೇಂದ್ರ. 1917ರ ಕರ್ನಾಟಕ ಕಾಲೇಜು, 1949ರಲ್ಲಿ ಸ್ಥಾಪನೆಗೊಂಡ ಕರ್ನಾಟಕ ವಿಶ್ವವಿದ್ಯಾಲಯ, 1986ರ ಕೃಷಿ ವಿಶ್ವವಿದ್ಯಾಲಯ ಇವು ಅದಕ್ಕೆ ವಿದ್ಯಾನಗರಿ ಎಂಬ ಹೆಸರನ್ನು ತಂದವು. 2008ರಲ್ಲಿ ಉಚ್ಚ ನ್ಯಾಯಾಲಯದ ಸಂಚಾರಿ ಪೀಠ ಬಂದು, 2013ರಲ್ಲಿ ಅದು ಕಾಯಂ ಪೀಠವಾಯಿತು. 2016ರಲ್ಲಿ ಐಐಟಿ ಆರಂಭವಾಯಿತು. ಹುಬ್ಬಳ್ಳಿಗಿಂತ ಸುಮಾರು 100 ಮೀಟರ್ ಎತ್ತರದಲ್ಲಿ, ಮಲೆನಾಡಿನ ಸೆರಗಿನಲ್ಲಿರುವ ಕಾರಣ ಇಲ್ಲಿಯ ಹವೆ ತುಸು ತಂಪು.

ಇಷ್ಟನ್ನು ನೋಡಿದರೆ ರೂಢಿಯ ಮಾತು ಸರಿಯೆಂದೇ ತೋರುತ್ತದೆ. ಆದರೆ ಕಳೆದ ಎರಡು ದಶಕಗಳಲ್ಲಿ ಈ ಗೆರೆ ಮಾಸುತ್ತ ಬಂದಿದೆ. ಹುಬ್ಬಳ್ಳಿಯಲ್ಲಿ 1947ರಲ್ಲಿ ಆರಂಭವಾದ ಬಿ.ವಿ.ಬಿ. ಇಂಜಿನಿಯರಿಂಗ್ ಕಾಲೇಜು ಇಂದು ಕೆ.ಎಲ್.ಇ. ತಾಂತ್ರಿಕ ವಿಶ್ವವಿದ್ಯಾಲಯದ ಭಾಗವಾಗಿದೆ. ಕಿಮ್ಸ್ ಎಂದೇ ಜನ ಬಲ್ಲ ಸರ್ಕಾರಿ ವೈದ್ಯಕೀಯ ಕಾಲೇಜು ಮತ್ತು ಆಸ್ಪತ್ರೆ ಇರುವುದು ಹುಬ್ಬಳ್ಳಿಯಲ್ಲಿ. ಅತ್ತ ಧಾರವಾಡದ ಬೇಲೂರು ಪ್ರದೇಶದಲ್ಲಿ ಟಾಟಾ ಮೋಟಾರ್ಸ್‌ನಂಥ ದೊಡ್ಡ ಕಾರ್ಖಾನೆ ಬಂದು, ಬಿಡಿಭಾಗ ತಯಾರಿಸುವ ಘಟಕಗಳಿಗೆ ಅವಕಾಶವಾಗಿದೆ. ಸಂಗೀತವೆಂದರೆ ಧಾರವಾಡ ಎನ್ನುವವರು, ಧಾರವಾಡದಲ್ಲಿ ಹುಟ್ಟಿದ ಗಂಗೂಬಾಯಿ ಹಾನಗಲ್ ಅವರು ಬಾಳಿದ್ದು ಹುಬ್ಬಳ್ಳಿಯಲ್ಲಿ ಎಂಬುದನ್ನು ಮರೆಯಲಾಗದು. ಹೀಗಿರುವಾಗ ಊರಿನ ಹೆಸರನ್ನು ನೋಡಿ ಮನೆ ಆರಿಸುವ ಪದ್ಧತಿ ಇಂದಿಗೆ ಸಲ್ಲುವುದಿಲ್ಲ. ನೋಡಬೇಕಾದುದು ತನ್ನ ವ್ಯವಹಾರದ ಸ್ವರೂಪವನ್ನು.

ಕಾಲದ ಲೆಕ್ಕ

ಧಾರವಾಡದಲ್ಲಿ ಮನೆ, ಹುಬ್ಬಳ್ಳಿಯಲ್ಲಿ ಅಂಗಡಿ ಇರುವ ವ್ಯಾಪಾರಿಯೊಬ್ಬನು ವರ್ಷಕ್ಕೆ 300 ದಿನ ಓಡಾಡಿದರೆ, ದಿನಕ್ಕೆ 40 ಕಿಲೋಮೀಟರಿನಂತೆ 12,000 ಕಿಲೋಮೀಟರ್ ಆಗುತ್ತದೆ. ಸ್ವಂತ ಕಾರಿಗೆ ಇಂಧನ, ರಿಪೇರಿ, ಟೈರು, ವಿಮೆ ಸೇರಿ ಕಿಲೋಮೀಟರಿಗೆ ರೂ. 10 ಎಂದು ಹಿಡಿದರೂ ರೂ. 1.20 ಲಕ್ಷ ಖರ್ಚು ಬರುತ್ತದೆ. ಇದನ್ನು ಅನೇಕರು ಅಂಗಡಿಯ ವಾಹನ ಖರ್ಚಿನಲ್ಲಿ ಸೇರಿಸಿ ಸಮಾಧಾನಪಟ್ಟುಕೊಳ್ಳುತ್ತಾರೆ. ಮನೆಯಿಂದ ಅಂಗಡಿಗೆ ಹೋಗಿಬರುವುದು ಸ್ವಂತ ಬಳಕೆಯೆಂದು ತೆರಿಗೆ ಅಧಿಕಾರಿಗಳು ಅದರಲ್ಲಿ ಒಂದು ಪಾಲನ್ನು ತಳ್ಳಿಹಾಕುವ ಸಂಭವ ಇದ್ದೇ ಇರುತ್ತದೆ.

2018ರಲ್ಲಿ ಸಂಚಾರ ಆರಂಭಿಸಿ 2020ರಲ್ಲಿ ವಿಧಿವತ್ತಾಗಿ ಉದ್ಘಾಟನೆಗೊಂಡ ತ್ವರಿತ ಬಸ್ ಸಾರಿಗೆಯು, ಅಂದರೆ ಜನರ ಬಾಯಲ್ಲಿನ ಚಿಗರಿ ಬಸ್ಸು, ಈ ಖರ್ಚನ್ನು ಬಹಳ ಮಟ್ಟಿಗೆ ತಗ್ಗಿಸಿದೆ ಎಂಬುದು ನಿಜ. ಆದರೆ ಹಣ ಉಳಿದರೂ ಕಾಲ ಅಷ್ಟಾಗಿ ಉಳಿಯದು. ಮನೆಯಿಂದ ನಿಲ್ದಾಣಕ್ಕೆ ಮತ್ತು ನಿಲ್ದಾಣದಿಂದ ಅಂಗಡಿಗೆ ಹೋಗುವುದನ್ನು ಸೇರಿಸಿ ಒಂದು ಬದಿಗೆ ಮುಕ್ಕಾಲು ಗಂಟೆ ಎಂದು ಹಿಡಿದರೆ, ದಿನಕ್ಕೆ ಒಂದೂವರೆ ಗಂಟೆ, ವರ್ಷಕ್ಕೆ 450 ಗಂಟೆ ಆಗುತ್ತದೆ. ಒಂಬತ್ತು ಗಂಟೆಯ ದುಡಿಮೆಯ ದಿನದ ಲೆಕ್ಕದಲ್ಲಿ ಇದು 50 ದಿನಗಳಿಗೆ ಸಮ.

ಎಷ್ಟು ಗಂಟೆ ಹೋಯಿತು ಎಂಬುದಕ್ಕಿಂತ ಯಾವ ಗಂಟೆ ಹೋಯಿತು ಎಂಬುದು ಹೆಚ್ಚು ಮುಖ್ಯ. ಸಣ್ಣ ವ್ಯಾಪಾರದಲ್ಲಿ ಮೊದಲ ಗಂಟೆ ಮತ್ತು ಕೊನೆಯ ಗಂಟೆಗೆ ಇರುವ ಬೆಲೆ ನಡುವಿನ ಗಂಟೆಗಳಿಗೆ ಇಲ್ಲ. ಅಮರಗೋಳದ ಎ.ಪಿ.ಎಂ.ಸಿ. ಪ್ರಾಂಗಣದಲ್ಲಿ ಮಾಲು ಇಳಿಯುವ ಹೊತ್ತಿಗೆ ದಲಾಲಿ ಅಂಗಡಿಯ ಮಾಲೀಕನು ಎದುರಿಗೆ ಇರದಿದ್ದರೆ, ರೈತನು ಮುಂದಿನ ಸಲ ಬೇರೆ ಅಂಗಡಿಗೆ ಚೀಲ ಇಳಿಸುತ್ತಾನೆ. ಚಿಲ್ಲರೆ ಅಂಗಡಿಯಲ್ಲಿ ರಾತ್ರಿ ಗಲ್ಲಾ ಎಣಿಸುವಾಗ, ಉದ್ರಿಯ ಚೀಟಿಗಳನ್ನು ತಾಳೆ ನೋಡುವಾಗ ಮಾಲೀಕನು ಬಸ್ಸಿನ ವೇಳೆಗಾಗಿ ಗಡಿಯಾರ ನೋಡುತ್ತಿದ್ದರೆ ಲೆಕ್ಕ ಹದ ತಪ್ಪುವುದಕ್ಕೆ ಬಹಳ ದಿನ ಬೇಕಾಗದು. ತಾ ಮಾಡುವುದು ಉತ್ತಮ, ಮಗ ಮಾಡುವುದು ಮಧ್ಯಮ, ಆಳು ಮಾಡುವುದು ಹಾಳು ಎಂಬ ಗಾದೆಯಲ್ಲಿ ಆಳಿನ ನಿಂದೆಗಿಂತ ಒಡೆಯನ ಹಾಜರಿಯ ಬೆಲೆಯೇ ಎದ್ದು ಕಾಣುತ್ತದೆ.

ಎಲ್ಲ ವ್ಯವಹಾರಗಳಿಗೂ ಈ ಮಾತು ಒಂದೇ ಪ್ರಮಾಣದಲ್ಲಿ ಅನ್ವಯಿಸುವುದಿಲ್ಲ. ನಂಬಿಕಸ್ಥ ದಿವಾನಜಿಯೋ, ಸಹೋದರನೋ, ಅನುಭವಿ ವ್ಯವಸ್ಥಾಪಕನೋ ಇದ್ದು, ಬೀಗದ ಕೈ ಮತ್ತು ಬ್ಯಾಂಕಿನ ಕೆಲಸ ಎರಡನ್ನೂ ಆತನೇ ನಿಭಾಯಿಸುವಂತಿದ್ದರೆ ಮಾಲೀಕನು ಇನ್ನೊಂದು ಊರಿನಲ್ಲಿ ಇರಲು ಅಡ್ಡಿಯಿಲ್ಲ. ಸಗಟು ಏಜೆನ್ಸಿ, ಗುತ್ತಿಗೆ ಮತ್ತು ಸರಬರಾಜು ವ್ಯವಹಾರಗಳಲ್ಲಿಯೂ ಹಾಜರಿಯ ಒತ್ತಡ ಕಡಿಮೆ. ತಾರಿಹಾಳ ಅಥವಾ ಗೋಕುಲ ರಸ್ತೆಯ ಘಟಕದಲ್ಲಿ ಎರಡು ಪಾಳಿ ನಡೆಸುವವನಿಗೆ, ರಾತ್ರಿ ಯಂತ್ರ ಕೆಟ್ಟರೆ ಅರ್ಧ ಗಂಟೆಯಲ್ಲಿ ತಲುಪುವಂತಿರಬೇಕಾಗುತ್ತದೆ. ಬೇಲೂರಿನ ಘಟಕದವನಿಗೆ ಧಾರವಾಡವೇ ದುಡಿಯುವ ಊರು. ಆತನು ಹುಬ್ಬಳ್ಳಿಯ ಪೇಟೆಯ ಸೆಳೆತಕ್ಕೆ ಅಲ್ಲಿ ನೆಲೆಸಿದರೆ ದಿನವೂ ಎರಡು ಊರುಗಳನ್ನು ದಾಟಬೇಕಾಗುತ್ತದೆ.

ಪಾಲುದಾರಿಕೆಯ ಸಂಸ್ಥೆಗಳಲ್ಲಿ ಮತ್ತೊಂದು ತೊಡಕಿದೆ. ಇಬ್ಬರು ಪಾಲುದಾರರಲ್ಲಿ ಒಬ್ಬನು ಧಾರವಾಡಕ್ಕೆ ಹೋದರೆ, ಬಾಗಿಲು ತೆರೆಯುವ ಮತ್ತು ಮುಚ್ಚುವ ಹೊಣೆ ತಾನಾಗಿಯೇ ಇನ್ನೊಬ್ಬನ ಹೆಗಲೇರುತ್ತದೆ. ಮೊದಲ ವರ್ಷ ಇದನ್ನು ಯಾರೂ ಆಡಿ ತೋರಿಸುವುದಿಲ್ಲ. ಮೂರನೆಯ ವರ್ಷ ಬೇರೊಂದು ನೆಪದಲ್ಲಿ ಅದು ಜಗಳವಾಗಿ ಹೊರಬರುತ್ತದೆ. ದುಡಿಯುವ ಪಾಲುದಾರನ ಸಂಭಾವನೆಯನ್ನು ಪಾಲುದಾರಿಕೆ ಪತ್ರದಲ್ಲಿ ಮೊದಲೇ ತಿದ್ದಿಕೊಂಡರೆ ಸಂಸ್ಥೆಯೂ ಸಂಬಂಧವೂ ಉಳಿಯುತ್ತವೆ.

ಬಂಡವಾಳದ ಲೆಕ್ಕ

ಕಾಲಕ್ಕಿಂತ ಹೆಚ್ಚಿನ ಅಪಾಯ ಬಂಡವಾಳದಲ್ಲಿದೆ. ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದರು ಹಿರಿಯರು. ವ್ಯಾಪಾರಿಯ ಮಟ್ಟಿಗೆ ಕಷ್ಟವಿರುವುದು ಕಟ್ಟುವುದರಲ್ಲಿ ಅಷ್ಟಾಗಿ ಅಲ್ಲ. ಕಟ್ಟುವ ಹಣವನ್ನು ಎಲ್ಲಿಂದ ತೆಗೆದರೆಂಬುದರಲ್ಲಿ.

ಒಂದು ಕಲ್ಪಿತ ಉದಾಹರಣೆಯನ್ನು ನೋಡಬಹುದು. ವರ್ಷಕ್ಕೆ ರೂ. 3 ಕೋಟಿ ವಹಿವಾಟು, ಶೇ. 4ರ ನಿವ್ವಳ ಲಾಭ, ಅಂದರೆ ರೂ. 12 ಲಕ್ಷ ಆದಾಯವಿರುವ ವ್ಯಾಪಾರಿಯೊಬ್ಬನು ಧಾರವಾಡದಲ್ಲಿ ರೂ. 80 ಲಕ್ಷದ ಮನೆಯನ್ನು ಕೊಳ್ಳಲು ಹೊರಟು, ಅಂಗಡಿಯ ಬಂಡವಾಳದಿಂದ ರೂ. 30 ಲಕ್ಷ ತೆಗೆದನೆಂದು ಇಟ್ಟುಕೊಳ್ಳೋಣ. ಆ ತೆರವನ್ನು ಬ್ಯಾಂಕಿನ ಕ್ಯಾಶ್ ಕ್ರೆಡಿಟ್ ಖಾತೆ ತುಂಬುತ್ತದೆ. ಬಡ್ಡಿ ಶೇ. 10.5 ಎಂದರೆ ವರ್ಷಕ್ಕೆ ರೂ. 3.15 ಲಕ್ಷ. ಲಾಭವು 12 ಲಕ್ಷದಿಂದ 8.85 ಲಕ್ಷಕ್ಕೆ ಇಳಿಯಿತು. ರೊಕ್ಕ ಕೊಟ್ಟು ಮಾಲು ತರುವಾಗ ಸಿಗುತ್ತಿದ್ದ ರಿಯಾಯಿತಿ ತಪ್ಪಿತು. ಸೀಸನ್ನಿನಲ್ಲಿ ಮಾಲು ತುಂಬಿಕೊಳ್ಳುವ ಶಕ್ತಿ ಕುಂದಿತು. ಇಷ್ಟೂ ಆದ ಮೇಲೆ, ವ್ಯವಹಾರಕ್ಕಾಗಿ ಬಳಸಿದ ಸಾಲದ ಬಡ್ಡಿ ಮಾತ್ರ ವ್ಯವಹಾರದ ಖರ್ಚೆಂದು ಮಾನ್ಯವಾಗುವುದರಿಂದ, ಮನೆಗೆ ಹೋದ ಹಣದ ಬಡ್ಡಿಯನ್ನು ತೆರಿಗೆ ಲೆಕ್ಕದಲ್ಲಿ ಕಳೆಯಲು ಬಾರದು.

ಬ್ಯಾಂಕಿನ ದೃಷ್ಟಿಯಲ್ಲಿಯೂ ಇದು ಸರಿಯಾದ ನಡೆಯಲ್ಲ. ಕ್ಯಾಶ್ ಕ್ರೆಡಿಟ್ ಮಿತಿಯು ದಾಸ್ತಾನು ಮತ್ತು ಬರಬೇಕಾದ ಬಾಕಿಗಳ ಮೇಲೆ ನಿಂತಿರುತ್ತದೆ. ಅಲ್ಪಾವಧಿಯ ಹಣವನ್ನು ದೀರ್ಘಾವಧಿಯ ಆಸ್ತಿಗೆ ಹಾಕಿದ ಸಂಗತಿ ಅಢಾವೆ ಪತ್ರಿಕೆಯಲ್ಲಿ ಕಾಣದೆ ಇರದು. ಮಿತಿ ನವೀಕರಣದ ವೇಳೆ ಪ್ರಶ್ನೆಗಳು ಏಳುತ್ತವೆ. ವ್ಯಾಪಾರ ಕುಗ್ಗಿದ ವರ್ಷವೇ ಈ ಪ್ರಶ್ನೆಗಳು ಬಂದರೆ ಅಂಗಡಿಯ ಉಸಿರು ಕಟ್ಟುತ್ತದೆ. ಊರಿನಲ್ಲಿ ಚೆಂದದ ಮನೆಯನ್ನು ಕಟ್ಟಿ, ಐದಾರು ವರ್ಷಗಳಲ್ಲಿ ಆ ಮನೆಯನ್ನೇ ಅಂಗಡಿಯ ಸಾಲಕ್ಕಾಗಿ ಮಾರುವ ಪರಿಸ್ಥಿತಿ ಬರುವುದು ಹೀಗೆಯೇ. ಅದಕ್ಕೆ ಮಾರುಕಟ್ಟೆಯನ್ನು ದೂರುವುದು ಸುಲಭ. ಆದರೆ ಮೂಲ ಕಾರಣವು ಗೃಹಪ್ರವೇಶದ ವರ್ಷದ ಲೆಕ್ಕಪತ್ರದಲ್ಲಿಯೇ ಇರುತ್ತದೆ.

ಮನೆಗೆ ಬೇಕಾದ ಹಣವನ್ನು ವೈಯಕ್ತಿಕ ಹೆಸರಿನ ಗೃಹಸಾಲದಿಂದ ಪಡೆಯುವುದೇ ಕ್ರಮಬದ್ಧವಾದ ಮಾರ್ಗ. ಅದರ ಬಡ್ಡಿ ಸಾಮಾನ್ಯವಾಗಿ ವ್ಯಾಪಾರಿ ಸಾಲಕ್ಕಿಂತ ಕಡಿಮೆ. ತೀರಿಸಲು 15-20 ವರ್ಷಗಳ ಅವಧಿ ಸಿಗುತ್ತದೆ. ಮುಂಗಡ ಹಣವನ್ನು ವರ್ಷವರ್ಷವೂ ಲಾಭದಲ್ಲಿ ಮಿಗಿಸಿ ಬೇರೆಯಾಗಿ ಕೂಡಿಡಬೇಕು. ಸ್ವಂತ ವಾಸದ ಮನೆಯ ಬಡ್ಡಿಗೆ ಸಿಗುವ ಗರಿಷ್ಠ ರೂ. 2 ಲಕ್ಷದ ಕಡಿತವು ಹಳೆಯ ತೆರಿಗೆ ಪದ್ಧತಿಯನ್ನು ಆಯ್ದುಕೊಂಡವರಿಗೆ ಮಾತ್ರ. ಹೊಸ ಪದ್ಧತಿಯಲ್ಲಿ ಅದಿಲ್ಲವಾದ್ದರಿಂದ, ತೆರಿಗೆ ಉಳಿಯುತ್ತದೆಂಬ ಆಸೆಯಿಂದ ದೊಡ್ಡ ಸಾಲ ಮಾಡುವುದರಲ್ಲಿ ಅರ್ಥವಿಲ್ಲ.

ಹಳೆಯ ಮನೆಯನ್ನು ಮಾರುವ ಮುನ್ನ

ಹುಬ್ಬಳ್ಳಿಯ ಹಳೆಯ ಓಣಿಗಳಲ್ಲಿ ಕೆಳಗೆ ಅಂಗಡಿ, ಮೇಲೆ ಮನೆ ಇರುವ ಕಟ್ಟಡಗಳು ಅನೇಕ. ಅವುಗಳನ್ನು ಮಾರಿ ಧಾರವಾಡದಲ್ಲಿ ಮನೆ ಕೊಳ್ಳುವ ಕುಟುಂಬಗಳು ಕೆಲವು ನಿಯಮಗಳನ್ನು ಅರಿಯದೆ ತೊಂದರೆಗೆ ಸಿಲುಕುತ್ತವೆ.

ವಾಸದ ಮನೆಯ ಮಾರಾಟದಿಂದ ಬಂದ ದೀರ್ಘಾವಧಿ ಬಂಡವಾಳ ಲಾಭವನ್ನು, ಮಾರಿದ 2 ವರ್ಷದೊಳಗೆ ಇನ್ನೊಂದು ಮನೆಯನ್ನು ಕೊಳ್ಳಲು ಅಥವಾ 3 ವರ್ಷದೊಳಗೆ ಕಟ್ಟಿಸಲು ತೊಡಗಿಸಿದರೆ ತೆರಿಗೆಯಿಂದ ವಿನಾಯಿತಿ ಇದೆ. ಮಾರುವ 1 ವರ್ಷದೊಳಗೆ ಮುಂಚಿತವಾಗಿ ಕೊಂಡಿದ್ದರೂ ಸಲ್ಲುತ್ತದೆ. ಆದರೆ ಕಟ್ಟಡದ ಅಂಗಡಿ ಭಾಗಕ್ಕೆ ಬೇರೆ ನಿಯಮವಿದೆ. ಅಲ್ಲಿ ಪೂರ್ಣ ವಿನಾಯಿತಿ ಬೇಕಾದರೆ ಲಾಭವನ್ನು ಮಾತ್ರ ತೊಡಗಿಸಿದರೆ ಸಾಲದು, ನಿವ್ವಳ ಮಾರಾಟದ ಮೊತ್ತವನ್ನೆಲ್ಲ ತೊಡಗಿಸಬೇಕು. ಹೊಸ ಮನೆಯನ್ನು 3 ವರ್ಷ ಮಾರುವಂತಿಲ್ಲ. ರಿಟರ್ನ್ ಸಲ್ಲಿಸುವ ಕೊನೆಯ ದಿನದವರೆಗೆ ಬಳಸದೆ ಉಳಿದ ಹಣವನ್ನು ಬ್ಯಾಂಕಿನ ಬಂಡವಾಳ ಲಾಭ ಖಾತೆಯಲ್ಲಿ ಇಡಬೇಕು. ವ್ಯಾಪಾರಿಗಳು ಸಾಮಾನ್ಯವಾಗಿ ತಪ್ಪುವುದು ಇಲ್ಲಿಯೇ. ಮನೆ ಮಾರಿದ ಹಣ ಸುಮ್ಮನೆ ಇರಬಾರದೆಂದು ಅಂಗಡಿಯ ಕ್ಯಾಶ್ ಕ್ರೆಡಿಟ್ ಖಾತೆಗೆ ತುಂಬುತ್ತಾರೆ. ಸೀಸನ್ ಬಂದು ಆ ಹಣ ಮಾಲಾಗಿ ಬದಲಾಗುತ್ತದೆ, ಗಡುವು ಮೀರುತ್ತದೆ, ತೆರಿಗೆ ಬೀಳುತ್ತದೆ.

ಆ ತೆರಿಗೆಯ ದರವು 2024ರ ಜುಲೈ 23ರ ನಂತರದ ಮಾರಾಟಗಳಿಗೆ ಶೇ. 12.5. ಅದಕ್ಕೂ ಮುನ್ನ ಗಳಿಸಿದ ಜಾಗ ಮತ್ತು ಕಟ್ಟಡಗಳಿಗೆ, ನಿವಾಸಿ ವ್ಯಕ್ತಿಗಳು ಮತ್ತು ಹಿಂದೂ ಅವಿಭಕ್ತ ಕುಟುಂಬಗಳು ಬೆಲೆ ಸೂಚ್ಯಂಕದ ಲಾಭ ಪಡೆದು ಶೇ. 20ರಂತೆ ಲೆಕ್ಕ ಹಾಕಿ, ಎರಡರಲ್ಲಿ ಕಡಿಮೆ ಇರುವ ತೆರಿಗೆಯನ್ನು ಕಟ್ಟಬಹುದು. ಪಿತ್ರಾರ್ಜಿತ ಹಳೆಯ ಕಟ್ಟಡಗಳಿಗೆ 2001ರ ಏಪ್ರಿಲ್ 1ರ ಮಾರುಕಟ್ಟೆ ಬೆಲೆಯನ್ನು ಆಧಾರವಾಗಿ ಹಿಡಿಯಲು ಅವಕಾಶವಿರುವುದರಿಂದ, ಮಾರುವ ಮೊದಲೇ ಮೌಲ್ಯಮಾಪಕರ ವರದಿಯನ್ನು ಪಡೆದಿಡುವುದು ಒಳಿತು.

ಹಳೆಯ ಮನೆ ಅಂಗಡಿಯ ಸಾಲಕ್ಕೆ ಅಡವಿದ್ದರೆ, ಅದನ್ನು ಬಿಡಿಸಿಕೊಳ್ಳಲು ಬ್ಯಾಂಕು ಬೇರೆ ಭದ್ರತೆಯನ್ನು ಕೇಳುತ್ತದೆ. ಆಗ ಹೊಸ ಮನೆಯೇ ಅಡವಿಗೆ ಹೋಗುತ್ತದೆ. ಅಡವಿರುವ ಮನೆಯಲ್ಲಿ ವಾಸ ಮಾಡುವುದು ತಪ್ಪಲ್ಲ. ಆದರೆ ಮನೆಯವರಿಗೆಲ್ಲ ಅದು ಗೊತ್ತಿರಬೇಕು. ಇನ್ನು ಮನೆಯಲ್ಲಿ ಮಾಲಿನ ದಾಸ್ತಾನು ಇಡುವವರು ಆ ವಿಳಾಸವನ್ನು ಹೆಚ್ಚುವರಿ ವ್ಯವಹಾರ ಸ್ಥಳವೆಂದು ಜಿ.ಎಸ್.ಟಿ. ನೋಂದಣಿಯಲ್ಲಿ ಸೇರಿಸತಕ್ಕದ್ದು.

ಮನೆಯವರ ಲೆಕ್ಕ

ಇದುವರೆಗಿನ ಲೆಕ್ಕವೆಲ್ಲ ಮಾಲೀಕನ ಕಡೆಯಿಂದ ಆಯಿತು. ಊರು ಬದಲಾದರೆ ದಿನದ ಇಪ್ಪತ್ತನಾಲ್ಕು ಗಂಟೆಯೂ ಅದನ್ನು ಅನುಭವಿಸುವವರು ಮನೆಯವರು. ಮಾಲೀಕನು ಬೆಳಿಗ್ಗೆ ಒಂಬತ್ತಕ್ಕೆ ಹೊರಟು ರಾತ್ರಿ ಹತ್ತಕ್ಕೆ ಮರಳುವವನಾದರೆ, ಧಾರವಾಡದ ತಂಪು ಹವೆ ಆತನ ಪಾಲಿಗೆ ಭಾನುವಾರದ ಸರಕು ಮಾತ್ರ. ಮನೆಯಲ್ಲಿ ಇರುವವರಿಗೆ ಅದು ನಿಜವಾದ ಸುಖ ಕೊಡುವುದಾದರೆ ಆ ಖರ್ಚಿಗೆ ಅರ್ಥವಿದೆ. ಆದ್ದರಿಂದ ಈ ವಿಷಯದಲ್ಲಿ ಮೊದಲ ಅಭಿಪ್ರಾಯ ಹೆಂಡತಿಯದಾಗಬೇಕು, ಎರಡನೆಯದು ತಂದೆತಾಯಿಯದಾಗಬೇಕು. ಅನೇಕ ಅಂಗಡಿಗಳಲ್ಲಿ ಮಧ್ಯಾಹ್ನದ ಹೊತ್ತು ಗಲ್ಲಾದ ಮೇಲೆ ಕೂಡುವವಳು, ಬಿಲ್ಲು ಬರೆಯುವವಳು ಮನೆಯ ಹೆಂಗಸೇ ಆಗಿರುತ್ತಾಳೆ. ಮನೆ 20 ಕಿಲೋಮೀಟರ್ ದೂರ ಹೋದರೆ ಆ ದುಡಿಮೆ ನಿಲ್ಲುತ್ತದೆ. ಅದಕ್ಕೆ ಪಗಾರದ ನೌಕರನನ್ನು ಇಡಬೇಕಾಗುತ್ತದೆ. ನಲವತ್ತು ವರ್ಷ ಒಂದೇ ಓಣಿಯಲ್ಲಿ ಬಾಳಿದ ಹಿರಿಯರಿಗೆ ಅಲ್ಲಿಯ ಮಠ, ಗುಡಿ, ನೆರೆಹೊರೆ, ಪರಿಚಯದ ವೈದ್ಯ ಎಲ್ಲವೂ ಕೈತಪ್ಪುತ್ತವೆ.

ನೀರಿನ ಪ್ರಶ್ನೆಯನ್ನು ಊರಿನ ಹೆಸರಿನಲ್ಲಿ ತೀರ್ಮಾನಿಸಲಾಗದು. ಎರಡೂ ಊರುಗಳು ಮುಖ್ಯವಾಗಿ ಸವದತ್ತಿಯ ಮಲಪ್ರಭಾ ಜಲಾಶಯವನ್ನೇ ಅವಲಂಬಿಸಿವೆ. 2008ರಲ್ಲಿ ಪ್ರಾಯೋಗಿಕವಾಗಿ ನಿರಂತರ ನೀರು ಪಡೆದ ವಾರ್ಡುಗಳು ಎರಡೂ ಕಡೆ ಇವೆ. ಹಲವು ದಿನಗಳಿಗೊಮ್ಮೆ ನೀರು ಕಾಣುವ ಬಡಾವಣೆಗಳೂ ಎರಡೂ ಕಡೆ ಇವೆ. ಕೇಳಬೇಕಾದುದು ಊರನ್ನಲ್ಲ, ವಾರ್ಡನ್ನು. ಆಡಳಿತದ ವಿಷಯದಲ್ಲಿ, ಧಾರವಾಡಕ್ಕೆ ಪ್ರತ್ಯೇಕ ಪಾಲಿಕೆ ರಚಿಸಲು 2025ರ ಜನವರಿಯಲ್ಲಿ ರಾಜ್ಯ ಸಚಿವ ಸಂಪುಟ ಒಪ್ಪಿಗೆ ನೀಡಿತು. ಪಾಲಿಕೆ ಬೇರೆಯಾದೊಡನೆ ನಲ್ಲಿಯಲ್ಲಿ ನೀರು ಬಾರದು ಎಂಬುದನ್ನು ನಿವೇಶನ ಮಾರುವವರ ಮಾತಿಗೆ ಮರುಳಾಗುವ ಮೊದಲು ನೆನಪಿನಲ್ಲಿಡಬೇಕು.

ಮುಂದಿನ ತಲೆಮಾರು

ಧಾರವಾಡಕ್ಕೆ ಹೋಗುವವರು ಕೊಡುವ ಬಹು ಮುಖ್ಯ ಕಾರಣ ಮಕ್ಕಳ ವಿದ್ಯಾಭ್ಯಾಸ. ಈ ಕಾರಣವನ್ನು ಯಾರೂ ತಳ್ಳಿಹಾಕುವಂತಿಲ್ಲ. ಆದರೆ ಅದರ ಪರಿಣಾಮವನ್ನು ಪೂರ್ತಿಯಾಗಿ ಎಣಿಸುವವರು ವಿರಳ.

ಹುಬ್ಬಳ್ಳಿಯ ವ್ಯಾಪಾರಿ ಮನೆತನಗಳಲ್ಲಿ ಹುಡುಗರು ವ್ಯಾಪಾರವನ್ನು ಕಲಿತಿದ್ದು ಯಾವ ಶಾಲೆಯಲ್ಲಿಯೂ ಅಲ್ಲ. ಸಂಜೆ ಶಾಲೆ ಬಿಟ್ಟ ಮೇಲೆ ಅಂಗಡಿಗೆ ಬಂದು ಕೂತು, ಗಿರಾಕಿಯ ಮುಖ ನೋಡಿ ಉದ್ರಿ ಕೊಡಬಹುದೋ ಬಾರದೋ ಎಂದು ಅಳೆಯುವುದನ್ನು, ದೀಪಾವಳಿಯ ಲಕ್ಷ್ಮೀಪೂಜೆಗೆ ಮುನ್ನ ಬಾಕಿ ವಸೂಲಿಗೆ ಹೋಗಿ ಜಗಳವಾಡದೆ ಹಣ ತರುವುದನ್ನು ಅವರು ಹಿರಿಯರ ಬದಿಯಲ್ಲಿ ಕಲಿತರು. ಮನೆಯು ಅಂಗಡಿಯಿಂದ ದೂರವಾದರೆ ಈ ಕಲಿಕೆ ನಿಲ್ಲುತ್ತದೆ. ಶಾಲೆ, ಟ್ಯೂಶನ್, ಪ್ರವೇಶ ಪರೀಕ್ಷೆಯ ತಯಾರಿ ಇವುಗಳ ನಡುವೆ ಬೆಳೆದ ಮಗ ಅಥವಾ ಮಗಳು ಅಂಗಡಿಯನ್ನು ಹಬ್ಬಕ್ಕೊಮ್ಮೆ ನೋಡುತ್ತಾರೆ. ಇಂಜಿನಿಯರಿಂಗ್ ಮುಗಿಸಿ ಬೆಂಗಳೂರು, ಪುಣೆಗೆ ಹೋಗುತ್ತಾರೆ. ಇದರಲ್ಲಿ ಮಕ್ಕಳ ತಪ್ಪೇನೂ ಇಲ್ಲ. ತಂದೆತಾಯಿ ಬಯಸಿದ್ದೂ ಅದನ್ನೇ.

ತಪ್ಪಾಗುವುದು, ಮಕ್ಕಳನ್ನು ಆ ದಾರಿಗೆ ಹಚ್ಚಿದ ಮೇಲೆಯೂ ಅವರು ಮರಳಿ ಬಂದು ಅಂಗಡಿಯನ್ನು ಹಿಡಿಯುತ್ತಾರೆಂಬ ಎಣಿಕೆಯಲ್ಲಿ ವ್ಯಾಪಾರವನ್ನು ಸಾಲದಿಂದ ಹಿಗ್ಗಿಸಿದಾಗ. ಐವತ್ತೈದನೆಯ ವಯಸ್ಸಿಗೆ ದೊಡ್ಡ ಗೋದಾಮು, ದೊಡ್ಡ ಸಾಲ, ಎರಡು ಊರಿನ ಓಡಾಟ, ಕೈಗೆ ಬರುವವರು ಯಾರೂ ಇಲ್ಲ ಎಂಬ ಸ್ಥಿತಿ ಅನೇಕ ಮನೆತನಗಳಿಗೆ ಬಂದಿದೆ. ಮಕ್ಕಳ ವಿದ್ಯೆಗಾಗಿ ಊರು ಬಿಡುವವನು ಅಂದೇ ಇನ್ನೊಂದು ನಿರ್ಣಯವನ್ನೂ ಮಾಡತಕ್ಕದ್ದು. ಅಂಗಡಿ ತನ್ನ ಕಾಲಕ್ಕೆ ಮುಗಿಯುವುದಾದರೆ ಸಾಲವನ್ನು ವರ್ಷವರ್ಷ ಇಳಿಸುತ್ತ ಬರಬೇಕು. ಮುಂದುವರಿಯಬೇಕಾದರೆ ಅಣ್ಣನ ಮಗನನ್ನೋ, ನಂಬಿಕೆಯ ನೌಕರನನ್ನೋ ಪಾಲುದಾರನಾಗಿ ಸೇರಿಸಿಕೊಂಡು ಬೆಳೆಸಬೇಕು. ಮಗಳಿಗೆ ವ್ಯಾಪಾರದಲ್ಲಿ ಆಸಕ್ತಿ ಇದ್ದರೆ ಅವಳನ್ನು ಕೂರಿಸಲು ಹಿಂಜರಿಯುವ ಕಾಲ ಇದಲ್ಲ.

ಅನುಸರಿಸಬಹುದಾದ ಕ್ರಮ

ಮೇಲಿನ ಎಲ್ಲ ಅಂಶಗಳನ್ನು ತೂಗಿ ನೋಡಿದಾಗ ಒಂದು ಸಾಮಾನ್ಯ ಸೂತ್ರ ಹೊರಡುತ್ತದೆ. ಅಂಗಡಿಯ ಬಾಗಿಲನ್ನು ತಾನೇ ತೆರೆದು ತಾನೇ ಮುಚ್ಚುವ ವ್ಯಾಪಾರಿಯು, ಅಂಗಡಿ ಇರುವ ಊರಿನಲ್ಲಿಯೇ ವಾಸಿಸುವುದು ಕ್ಷೇಮ. ಆತನಿಲ್ಲದೆಯೂ ಮೊದಲ ಮತ್ತು ಕೊನೆಯ ಗಂಟೆಯನ್ನು ಸಂಭಾಳಿಸುವ ಎರಡನೆಯ ವ್ಯಕ್ತಿ ಸಿದ್ಧನಾದ ಮೇಲೆ, ಮನೆಯವರ ಇಚ್ಛೆಯಂತೆ ಊರನ್ನು ಆರಿಸಿಕೊಳ್ಳಬಹುದು. ನೆಂಟರು ಧಾರವಾಡದಲ್ಲಿ ಬಂಗಲೆ ಕಟ್ಟಿದರೆಂಬುದು ಕಾರಣವಾಗಬಾರದು.

ನಿರ್ಣಯ ಮಾಡಿದ ಮೇಲೆಯೂ ಮೊದಲ ಹೆಜ್ಜೆ ಬಾಡಿಗೆಯ ಮನೆಯಾಗಿರಬೇಕು. ರೂ. 80 ಲಕ್ಷದ ಆಸ್ತಿಗೆ ಮುದ್ರಾಂಕ ಶುಲ್ಕ ಶೇ. 5ರಂತೆ ರೂ. 4 ಲಕ್ಷ, ಮತ್ತು 2025ರ ಆಗಸ್ಟ್ 31ರಿಂದ ಶೇ. 1ರಿಂದ 2ಕ್ಕೆ ಏರಿದ ನೋಂದಣಿ ಶುಲ್ಕ ರೂ. 1.60 ಲಕ್ಷ, ಒಟ್ಟು ರೂ. 5.60 ಲಕ್ಷ ಆಗುತ್ತದೆ. ಉಪಕರ, ಅಧಿಭಾರಗಳು ಬೇರೆ. ಆಯ್ಕೆ ತಪ್ಪಿತೆಂದು ಮರಳಿ ಮಾರಿದರೆ ಈ ಹಣ ವಾಪಸು ಬಾರದು. ತಿಂಗಳಿಗೆ ರೂ. 20,000 ಬಾಡಿಗೆ ಎಂದರೂ ಒಂದು ವರ್ಷಕ್ಕೆ ರೂ. 2.40 ಲಕ್ಷ, ತಪ್ಪು ಖರೀದಿಗಿಂತ ಇದು ಅಗ್ಗ. ಹಳೆಯ ಮನೆಯನ್ನು ಈ ಅವಧಿಯಲ್ಲಿ ಬಾಡಿಗೆಗೆ ಕೊಟ್ಟರೆ ಖರ್ಚು ಇನ್ನೂ ಇಳಿಯುತ್ತದೆ. ಆ ಒಂದು ವರ್ಷದಲ್ಲಿ ಮಳೆಗಾಲವೂ, ದೀಪಾವಳಿಯ ಸೀಸನ್ನೂ, ಮಾರ್ಚ್ ತಿಂಗಳ ಲೆಕ್ಕ ಮುಕ್ತಾಯವೂ, ಬೇಸಿಗೆಯ ನೀರಿನ ಅಭಾವವೂ ಬಂದುಹೋಗುತ್ತವೆ. ಮೊದಲು ಬಾಡಿಗೆ, ಆಮೇಲೆ ಹಳೆಯ ಮನೆಯ ಮಾರಾಟ, ಕೊನೆಗೆ ಖರೀದಿ ಎಂಬ ಅನುಕ್ರಮವನ್ನು ಪಾಲಿಸಿದರೆ ತೆರಿಗೆ ವಿನಾಯಿತಿಯ ಗಡುವಿಗೂ ಬಾಧೆ ಬಾರದು.

ಎರಡು ಊರುಗಳ ನಡುವಿನ ನವನಗರ, ರಾಯಾಪುರ, ಸತ್ತೂರು ಭಾಗಗಳನ್ನೂ ಪರಿಗಣಿಸುವುದು ಯೋಗ್ಯ. ಅಮರಗೋಳದ ವರ್ತಕರಿಗೆ ನವನಗರ ಕೂಗಳತೆಯಲ್ಲಿದೆ. ಸತ್ತೂರಿನಲ್ಲಿ ಎಸ್.ಡಿ.ಎಂ. ವೈದ್ಯಕೀಯ ಕಾಲೇಜಿನ ಆಸ್ಪತ್ರೆ ಇದೆ. ಚಿಗರಿ ಬಸ್ಸಿನ ಮಾರ್ಗವೂ ಈ ಭಾಗವನ್ನೇ ಹಾದುಹೋಗುತ್ತದೆ. ಆದರೆ ಇಲ್ಲಿಯ ಹೊಸ ಬಡಾವಣೆಗಳಲ್ಲಿ ವಿನ್ಯಾಸದ ಮಂಜೂರಾತಿ, ಇ-ಖಾತೆ, ನೀರು ಮತ್ತು ಒಳಚರಂಡಿಯ ಸ್ಥಿತಿಯನ್ನು ಕಾಗದಪತ್ರಗಳಿಂದ ಖಚಿತಪಡಿಸಿಕೊಳ್ಳದೆ ಮುಂಗಡ ಕೊಡಲಾಗದು.

ವ್ಯಾಪಾರಿ ಬಾಂಧವರು ಒಂದು ಲೋಡು ಮಾಲು ತರಿಸುವಾಗ ನಾಲ್ಕು ಕಡೆ ದರ ವಿಚಾರಿಸುತ್ತಾರೆ, ಲಾರಿ ಬಾಡಿಗೆಯಲ್ಲಿ ಐದುನೂರು ರೂಪಾಯಿಗೆ ಚೌಕಾಸಿ ಮಾಡುತ್ತಾರೆ. ಜೀವಮಾನದ ಅತಿ ದೊಡ್ಡ ಖರೀದಿಯಾದ ಮನೆಯ ವಿಷಯದಲ್ಲಿಯೂ ಅದೇ ಎಚ್ಚರ ಇರಬೇಕಾದುದು ಸಹಜ. ಹುಬ್ಬಳ್ಳಿ, ಧಾರವಾಡ ಎರಡೂ ಬಾಳಲು ಯೋಗ್ಯವಾದ ಊರುಗಳೇ. ಅಂಗಡಿಯ ಬಂಡವಾಳಕ್ಕೆ ಕೈ ಹಚ್ಚದೆ, ಮನೆಯವರೆಲ್ಲರನ್ನೂ ಕೇಳಿ, ಒಂದು ವರ್ಷ ಬಾಡಿಗೆಯಲ್ಲಿ ಇದ್ದು ನೋಡಿ ಆರಿಸಿಕೊಂಡ ಊರು ಎರಡರಲ್ಲಿ ಯಾವುದೇ ಆಗಲಿ, ಅಲ್ಲಿ ಮನೆಯೂ ವ್ಯವಹಾರವೂ ಕೂಡಿ ಉಳಿಯುವ ಸಂಭವ ಹೆಚ್ಚು.